ಗಲ್ಲಾದ ಪಕ್ಕ ಕೂರುವ ಕಂಪ್ಯೂಟರ್

ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದಲ್ಲಿ ಅಂಗಡಿಗೊಂದು ಕಂಪ್ಯೂಟರ್ ಬೇಕೆನಿಸಿದರೆ ದಾರಿಗಳೇನೂ ಕಡಿಮೆ ಇಲ್ಲ. ತಾಲ್ಲೂಕು ಕೇಂದ್ರ ಹೊಸದುರ್ಗ ಇದೆ. ಜಿಲ್ಲಾ ಕೇಂದ್ರ ಚಿತ್ರದುರ್ಗ ಇದೆ. ಕೊಬ್ಬರಿ ವ್ಯವಹಾರಕ್ಕೆಂದು ಹೇಗೂ ಹೋಗಿಬರುವ ತಿಪಟೂರು ಇದೆ. ‘ಅಲ್ಲಿಗೆ ಹೋದರೆ ಎರಡು ಸಾವಿರ ಉಳಿಯುತ್ತೆ’ ಎಂದು ಯಾರಾದರೊಬ್ಬರು ಹೇಳಿಯೇ ಹೇಳುವ ಬೆಂಗಳೂರಿನ ಎಸ್.ಪಿ. ರಸ್ತೆಯೂ ಇದೆ. ಈಚೆಗೆ ಇವೆಲ್ಲಕ್ಕಿಂತ ಹತ್ತಿರವಾಗಿರುವುದು ಕೈಯಲ್ಲಿನ ಮೊಬೈಲು. ‘ಐ5 ಪ್ರೊಸೆಸರ್, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಮಾನಿಟರ್, ಕೀಬೋರ್ಡ್, ಮೌಸ್ ಎಲ್ಲ ಸೇರಿ ಇಷ್ಟೇ’ ಎಂಬ ಜಾಹೀರಾತು ಅದರಲ್ಲಿ ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಬೀಳುತ್ತದೆ. ಬೆಲೆ ನೋಡಿದರೆ ಹೊಸ ಮೊಬೈಲಿಗಿಂತ ಅಗ್ಗ.

ಆ ಜಾಹೀರಾತಿನಲ್ಲಿ ಸುಳ್ಳು ಇರಲೇಬೇಕೆಂದಿಲ್ಲ. ಆದರೆ ಹೇಳದೆ ಬಿಟ್ಟ ಮಾತೊಂದು ಇರುತ್ತದೆ: ಅದು ಯಾವ ಕಾಲದ ಐ5? ಇಂಟೆಲ್ ಕಂಪನಿ ಐ5 ಎಂಬ ಹೆಸರಿನಲ್ಲಿ ಪ್ರೊಸೆಸರ್ ಮಾರಲು ಶುರುಮಾಡಿದ್ದು 2009ರಲ್ಲಿ. ಆಮೇಲೆ ಬಹುಕಾಲ ಹೆಚ್ಚುಕಡಿಮೆ ವರ್ಷಕ್ಕೊಂದು ತಲೆಮಾರು ಬಂತು, ಹೆಸರು ಮಾತ್ರ ಅದೇ ಉಳಿಯಿತು. ಅಡ್ಡಗೆರೆಯ ಮುಂದಿನ ಅಂಕಿಯಲ್ಲಿ ವಯಸ್ಸು ಗೊತ್ತಾಗುತ್ತದೆ. ಐ5-3470 ಅಂದರೆ ಮೂರನೇ ತಲೆಮಾರು, 2012ರದ್ದು. ಐ5-8500 ಎಂಟನೆಯದು, 2018ರದ್ದು. ಐ5-12400 ಹನ್ನೆರಡನೆಯದು, 2022ರದ್ದು. ತೀರಾ ಅಗ್ಗದ ‘ಹೊಸ’ ಪೆಟ್ಟಿಗೆಗಳಲ್ಲಿ ಅನೇಕ ಸಲ ಸಿಗುವುದು ಎಚ್61 ಎಂಬ ಹಳೆಯ ಮಾದರಿಯ ಮದರ್‌ಬೋರ್ಡು. ಅದರ ಮೇಲೆ ಯಾವುದೋ ಕಚೇರಿಯಲ್ಲಿ ವರ್ಷಗಟ್ಟಲೆ ದುಡಿದು ಬಂದ ಎರಡನೇ ಅಥವಾ ಮೂರನೇ ತಲೆಮಾರಿನ ಪ್ರೊಸೆಸರ್. ಕ್ಯಾಬಿನೆಟ್ ಹೊಸದು, ಒಳಗಿನ ದೀಪಗಳ ಬಣ್ಣವೂ ಹೊಸದು. ಕೆಲಸ ಮಾಡುವ ಭಾಗಕ್ಕೆ ಮಾತ್ರ ಹತ್ತು ವರ್ಷ ದಾಟಿದೆ.

ಮಾದರಿ ಸಂಖ್ಯೆಯನ್ನು ಪೂರ್ತಿ ಬರೆಯದೆ ಬರೀ ‘ಐ5’ ಎಂದು ನಿಲ್ಲಿಸಿದ ಜಾಹೀರಾತನ್ನು ಅಲ್ಲಿಗೇ ಬಿಟ್ಟು ಮುಂದೆ ಹೋಗಬಹುದು.

ಹೋಬಳಿಗೆ ಕಂಪ್ಯೂಟರ್ ಬಂದ ಬಗೆ

ಹಳ್ಳಿಗಾಡಿನ ಜನ ಕಂಪ್ಯೂಟರ್ ಅಚ್ಚು ಹಾಕಿದ ಕಾಗದವನ್ನು ಮೊದಲು ಕೈಯಲ್ಲಿ ಹಿಡಿದದ್ದು ಪಹಣಿಯ ರೂಪದಲ್ಲಿ. ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು. 177 ತಾಲ್ಲೂಕುಗಳಲ್ಲಿ ಕೇಂದ್ರಗಳು ತೆರೆದು, 15 ರೂಪಾಯಿ ಕೊಟ್ಟವರಿಗೆ ಅಚ್ಚಾದ ಪಹಣಿ ಸಿಗತೊಡಗಿತು. ಅದು 2000ದ ಆಸುಪಾಸಿನ ಮಾತು. 2012ರಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳ ಹೆಸರಿನಲ್ಲಿ ನಾಡಕಚೇರಿಗಳೂ ಗಣಕೀಕೃತವಾದವು. ಜಾತಿ, ಆದಾಯ ಪ್ರಮಾಣಪತ್ರದ ಕೆಲಸ ಹೋಬಳಿಯ ಈ ಸರ್ಕಾರಿ ಕಚೇರಿಗಳಿಗೇ ಬಂತು. 2022ರ ಜನವರಿಯಲ್ಲಿ ಗ್ರಾಮ ಒನ್ ಶುರುವಾದಾಗ ಈ ಕೆಲಸ ಸರ್ಕಾರಿ ಕಟ್ಟಡದಿಂದ ಖಾಸಗಿ ಅಂಗಡಿಯ ಟೇಬಲ್ಲಿಗೆ ಇಳಿಯಿತು. ಮುಂದಿನ ವರ್ಷ ಗೃಹಲಕ್ಷ್ಮಿ ನೋಂದಣಿಗೆ ಹೆಂಗಸರು ಇಂಥ ಕೇಂದ್ರಗಳ ಮುಂದೆ ಸಾಲುಗಟ್ಟಿ ನಿಂತದ್ದು, ‘ಸರ್ವರ್ ಇಲ್ಲ’ ಎಂಬ ಮಾತು ಅಡುಗೆಮನೆಯವರೆಗೂ ಹೋದದ್ದು ಎಲ್ಲರಿಗೂ ನೆನಪಿದೆ.

ಅಗ್ಗದ ಕಂಪ್ಯೂಟರನ್ನು ನಾವೇ ಮಾಡಿಕೊಳ್ಳಬೇಕೆಂಬ ಕನಸಿಗೂ ಕರ್ನಾಟಕವೇ ತವರು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಬೆಂಗಳೂರಿನ ಎನ್‌ಕೋರ್ ಸಂಸ್ಥೆಯವರು ಸೇರಿ ರೂಪಿಸಿದ ‘ಸಿಂಪ್ಯೂಟರ್’ ಅಂಗೈಯಗಲದ ಯಂತ್ರ. ಓದುಬರಹ ಬಾರದವರಿಗೂ ಆಗಿಬರಬೇಕು ಎಂಬುದು ಅದರ ಹಿಂದಿದ್ದ ಆಸೆ. 2004ರಲ್ಲಿ ಬಿಇಎಲ್ ಅದನ್ನು ತಯಾರಿಸಿ ಮಾರುಕಟ್ಟೆಗೂ ಬಿಟ್ಟಿತು. ಜಗತ್ತೆಲ್ಲ ಮಾತಾಡಿತು, ಅಂಗಡಿಗಳು ಕೊಳ್ಳಲಿಲ್ಲ. ಅಂಗಡಿಯವನಿಗೆ ಬೇಕಿದ್ದದ್ದು ತನ್ನ ಲೆಕ್ಕದ ತಂತ್ರಾಂಶ ಓಡುವ, ತನ್ನ ಪ್ರಿಂಟರ್ ಹಿಡಿಯುವ, ಕೆಟ್ಟರೆ ಪಕ್ಕದೂರಿನ ಹುಡುಗ ಬಿಚ್ಚಿ ಸರಿಮಾಡುವ ಯಂತ್ರ. ಅದು ಆಗಲೂ ಡೆಸ್ಕ್‌ಟಾಪೇ ಆಗಿತ್ತು, ಈಗಲೂ ಹಾಗೇ ಇದೆ.

ಕೆಲಸ ಮೊದಲು, ಯಂತ್ರ ಆಮೇಲೆ

ಹೋಬಳಿ ಊರಿನ ಅಂಗಡಿಗಳಲ್ಲಿ ಕಂಪ್ಯೂಟರ್ ಮಾಡುವ ಕೆಲಸವನ್ನು ನಾಲ್ಕು ಬಗೆಯಾಗಿ ನೋಡಬಹುದು. ಒಂದೊಂದಕ್ಕೂ ಬೇಕಾದ ಯಂತ್ರ ಬೇರೆ.

ಮೊದಲನೆಯದು ಬಿಲ್ಲಿಂಗ್ ಮತ್ತು ಲೆಕ್ಕ. ಕಿರಾಣಿ, ಹಾರ್ಡ್‌ವೇರ್, ಔಷಧದ ಅಂಗಡಿ ಎಲ್ಲ ಇದರಲ್ಲೇ ಬರುತ್ತವೆ. ಇಲ್ಲಿ ಹೆಚ್ಚಾಗಿ ಓಡುವುದು ಟ್ಯಾಲಿ, ಔಷಧ ಅಂಗಡಿಯಾದರೆ ಮಾರ್ಗ್‌ನಂಥ ತಂತ್ರಾಂಶ. ಗೋಯೆಂಕಾ ತಂದೆ–ಮಗ 1986ರಲ್ಲಿ ಕಟ್ಟಿದ ಕಂಪನಿಯ ಕೂಸು ಟ್ಯಾಲಿ. ಈಗ ಅದರ ನೆಲೆ ಬೆಂಗಳೂರು. ಡಾಸ್ ಕಾಲದಲ್ಲಿ ಹುಟ್ಟಿದ ಈ ತಂತ್ರಾಂಶ ಇವತ್ತಿಗೂ ಯಂತ್ರದಿಂದ ಹೆಚ್ಚೇನೂ ಕೇಳುವುದಿಲ್ಲ. ಒಬ್ಬರೇ ಕೂತು ಬಿಲ್ ಹಾಕುವ ಅಂಗಡಿಗೆ 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಧಾರಾಳ. ‘ನಾಳೆ ಬೇಕಾಗುತ್ತೆ’ ಎಂದು ಐ7 ಕೊಳ್ಳುವವರು ಆ ದುಡ್ಡಿನಲ್ಲಿ ಒಳ್ಳೆಯ ಯುಪಿಎಸ್ ಕೊಂಡರೆ ಹೆಚ್ಚು ಉಪಯೋಗ.

ಎರಡನೆಯದು ಮಂಡಿ. ತೆಂಗು, ಕೊಬ್ಬರಿಯ ಈ ಸೀಮೆಯಲ್ಲಿ ಮಂಡಿಯ ಕಂಪ್ಯೂಟರ್ ಬರೀ ಲೆಕ್ಕ ಬರೆಯುವುದಿಲ್ಲ, ಕೆಲವು ಕಡೆ ತೂಕದ ಯಂತ್ರದ ಜೊತೆಗೂ ಮಾತಾಡುತ್ತದೆ. ಎಲೆಕ್ಟ್ರಾನಿಕ್ ತಕ್ಕಡಿಯಿಂದ, ವೇಬ್ರಿಡ್ಜಿನಿಂದ ಬರುವ ವೈರು ಸಾಮಾನ್ಯವಾಗಿ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟಿಗೆ ಸಿಕ್ಕಿಸುವಂಥದ್ದು. ಹೊಸ ಮಿನಿ ಪಿಸಿಗಳ ಬೆನ್ನು ತಿರುಗಿಸಿ ನೋಡಿದರೆ ಬಹಳಷ್ಟರಲ್ಲಿ ಆ ಪೋರ್ಟೇ ಇರುವುದಿಲ್ಲ. ಯುಎಸ್‌ಬಿ ಕನ್ವರ್ಟರ್ ಹಾಕಿ ಸಾಗಿಸಬಹುದು, ಆದರೆ ಎಲ್ಲ ಕನ್ವರ್ಟರೂ ಎಲ್ಲ ತೂಕದ ಯಂತ್ರಕ್ಕೂ ಹೊಂದುವುದಿಲ್ಲ. ಮೂರು ಪ್ರತಿ ಚೀಟಿ ಒಂದೇ ಏಟಿಗೆ ಬೇಕೆನ್ನುವ ಮಂಡಿಗಳಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇನ್ನೂ ಕಿರ‍್ರ್ ಎನ್ನುತ್ತಿದೆ. ರಿಬ್ಬನ್ನಿನ ಮೇಲೆ ಪಿನ್ನು ಬಡಿಯುವುದರಿಂದಲೇ ಕೆಳಗಿನ ಕಾರ್ಬನ್ ಪ್ರತಿಗೂ ಅಕ್ಷರ ಇಳಿಯುತ್ತದೆ. ಲೇಸರ್ ಪ್ರಿಂಟರಿಗೆ ಆ ಶಕ್ತಿ ಇಲ್ಲ. ಹಳೆಯ ಡಾಟ್ ಮ್ಯಾಟ್ರಿಕ್ಸ್ ಇಟ್ಟುಕೊಂಡು ಹೊಸ ಕಂಪ್ಯೂಟರ್ ಕೊಳ್ಳುವವರು ಪ್ರಿಂಟರಿನ ವೈರಿನ ತುದಿಯ ಫೋಟೊ ತೆಗೆದುಕೊಂಡು ಅಂಗಡಿಗೆ ಹೋಗುವುದು ಒಳ್ಳೆಯದು.

ರಸಗೊಬ್ಬರದ ಅಂಗಡಿಯದು ಇದೇ ಸಾಲಿನ ಇನ್ನೊಂದು ಕಥೆ. ಸಬ್ಸಿಡಿ ಗೊಬ್ಬರ ಮಾರುವಾಗ ರೈತರ ಆಧಾರ್ ದೃಢೀಕರಣ ಆಗಬೇಕು. ಅದಕ್ಕೆಂದೇ ಕೈಯಲ್ಲಿ ಹಿಡಿಯುವ ಪಿಒಎಸ್ ಯಂತ್ರಗಳು ಬಂದವು. ಅವುಗಳ ಜೊತೆಗೆ ಕಂಪ್ಯೂಟರಿನಲ್ಲೇ ಓಡುವ ಡೆಸ್ಕ್‌ಟಾಪ್ ಪಿಒಎಸ್ ತಂತ್ರಾಂಶವನ್ನು ಕೇಂದ್ರ ಸರ್ಕಾರ 2019ರಲ್ಲಿ ಬಿಡುಗಡೆ ಮಾಡಿತು. ಮುಂಗಾರು ಶುರುವಾಗಿ ಯೂರಿಯಾಕ್ಕೆ ಸಾಲು ನಿಂತ ದಿನ ಸಣ್ಣ ಪರದೆಯಲ್ಲಿ ಬೆರಳಾಡಿಸುವುದಕ್ಕಿಂತ ದೊಡ್ಡ ಪರದೆಯ ಮುಂದೆ ಕೂತು ಮಾರುವುದು ಸಲೀಸು.

ಮೂರನೆಯದು ಆನ್‌ಲೈನ್ ಸೇವೆ. ಇಲ್ಲಿ ಕಂಪ್ಯೂಟರನ್ನು ಬಳಲಿಸುವುದು ಯಾವುದೋ ದೊಡ್ಡ ತಂತ್ರಾಂಶವಲ್ಲ, ಬ್ರೌಸರು. ಸೇವಾ ಸಿಂಧು, ಪಹಣಿ, ರೈತರ ನೋಂದಣಿಯ ಫ್ರೂಟ್ಸ್, ವಿದ್ಯಾರ್ಥಿವೇತನ, ಬ್ಯಾಂಕು, ವಾಟ್ಸ್‌ಆ್ಯಪ್ ವೆಬ್ ಎಲ್ಲ ಒಟ್ಟಿಗೇ ತೆರೆದಿರುತ್ತವೆ. 4 ಜಿಬಿ ರ‍್ಯಾಮಿನ ಯಂತ್ರ ಇಂಥ ಹೊತ್ತಿನಲ್ಲೇ ‘ಹ್ಯಾಂಗ್’ ಆಗುವುದು. 8 ಜಿಬಿ ಕನಿಷ್ಠ, ಕೈಗೆಟುಕಿದರೆ 16. ಬೆರಳಚ್ಚು ಯಂತ್ರದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಆಧಾರ್ ಪ್ರಾಧಿಕಾರ ಹಳೆಯ ‘ಎಲ್0’ ದರ್ಜೆಯ ಯಂತ್ರಗಳನ್ನು ಹಿಂದಕ್ಕೆ ಸರಿಸಿ, ಹೆಚ್ಚು ಭದ್ರವಾದ ‘ಎಲ್1’ ದರ್ಜೆಗೆ ಎಲ್ಲರನ್ನೂ ಒಯ್ದಿದೆ. ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿನ ಜೊತೆ ‘ಬೆರಳಚ್ಚು ಮೆಷಿನ್ ಫ್ರೀ’ ಎಂದರೆ, ಅದು ಹಳೆಯ ದರ್ಜೆಯದಾಗಿದ್ದಲ್ಲಿ ಕಾಗದ ಹಾರದಂತೆ ಇಡುವ ಭಾರಕ್ಕಷ್ಟೇ ಬಂದೀತು.

ನಾಲ್ಕನೆಯದು ಡಿಟಿಪಿ. ಮದುವೆ ಕಾರ್ಡು, ಗೃಹಪ್ರವೇಶದ ಕರೆಯೋಲೆ, ಜಾತ್ರೆಯ ಬ್ಯಾನರು, ಕರಪತ್ರ. ಇಲ್ಲಿನ ಕಷ್ಟ ಯಂತ್ರದ್ದಲ್ಲ, ಹಳೆಯ ಕಡತಗಳದ್ದು. ಎಷ್ಟೋ ಡಿಟಿಪಿ ಅಂಗಡಿಗಳು ಇಂದಿಗೂ ಪೇಜ್‌ಮೇಕರ್ 7 ಬಿಟ್ಟಿಲ್ಲ. ಅದು ಆ ತಂತ್ರಾಂಶದ ಕೊನೆಯ ಆವೃತ್ತಿ, ಬಂದದ್ದು 2001ರಲ್ಲಿ. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಹಳೆಯ ಫಾಂಟುಗಳಲ್ಲಿ ಕೂಡಿಸಿಟ್ಟ ವರ್ಷಗಟ್ಟಲೆಯ ಕಡತ ಅದರೊಳಗಿದೆ. ಹೊಸ ವಿಂಡೋಸ್‌ಗೆ ಹೋದರೆ ಅದು ಓಡುತ್ತದೋ ಇಲ್ಲವೋ ಎಂಬ ಹೆದರಿಕೆಯಲ್ಲಿ ಹಳೆಯ ಯಂತ್ರವನ್ನೇ ತೇಪೆ ಹಚ್ಚಿ ನಡೆಸುತ್ತಾರೆ. ಇಂಥವರು ಹೊಸ ಯಂತ್ರ ಕೊಂಡ ದಿನವೇ ಹಳೆಯದನ್ನು ಕೊಟ್ಟುಬಿಡಬಾರದು. ಇಂಟರ್‌ನೆಟ್ ವೈರು ಕಿತ್ತು ಹಳೆಯದನ್ನು ಮೂಲೆಯಲ್ಲಿಟ್ಟುಕೊಂಡು, ಬೇಕಾದ ಕಡತಗಳನ್ನು ಬಿಡುವಾದಂತೆ ಯೂನಿಕೋಡಿಗೆ ಬದಲಿಸಿಕೊಳ್ಳುವುದು ಕ್ಷೇಮ.

2025ರ ಅಕ್ಟೋಬರ್ 14

ಈ ದಿನಾಂಕದ ಆಚೆಗೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯ ಲೆಕ್ಕವೇ ಬದಲಾಯಿತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಭದ್ರತಾ ಅಪ್‌ಡೇಟ್ ಅಂದಿಗೆ ನಿಂತಿತು. ಹೆಚ್ಚುವರಿ ಕಾಲದ ಯೋಜನೆ ಒಂದಿದೆ. ವ್ಯಾಪಾರಿ ಸಂಸ್ಥೆಗಳಿಗೆ ಮೊದಲ ವರ್ಷಕ್ಕೆ ಯಂತ್ರವೊಂದಕ್ಕೆ 61 ಡಾಲರ್, ಆಮೇಲೆ ವರ್ಷವರ್ಷಕ್ಕೂ ದುಪ್ಪಟ್ಟು. ಹಳೆಯ ಯಂತ್ರಕ್ಕೆ ಅಷ್ಟು ಸುರಿಯುವುದರಲ್ಲಿ ಅರ್ಥವಿಲ್ಲ.

ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, 4 ಜಿಬಿ ರ‍್ಯಾಮ್ ಮತ್ತು 64 ಜಿಬಿ ಜಾಗ ಬೇಕು, ಜೊತೆಗೆ ಮೈಕ್ರೋಸಾಫ್ಟಿನ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಇಂಟೆಲ್‌ನದಾದರೆ ಆ ಪಟ್ಟಿ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಶುರು. ಎಎಂಡಿಯದಾದರೆ ರೈಜನ್ 2000 ಸರಣಿಯಿಂದ. ಏಳನೇ ತಲೆಮಾರಿನ ಯಂತ್ರಕ್ಕೂ ‘ವಿಂಡೋಸ್ 11 ಹಾಕಿಕೊಡ್ತೀವಿ ಸಾರ್’ ಎನ್ನುವವರಿದ್ದಾರೆ. ತಪಾಸಣೆಯನ್ನು ಕಳ್ಳದಾರಿಯಲ್ಲಿ ದಾಟಿಸಿ ಹಾಕುವುದು ಸಾಧ್ಯ. ಹಾಗೆ ಹಾಕಿದ್ದಕ್ಕೆ ಅಪ್‌ಡೇಟ್ ಬರುತ್ತಲೇ ಇರುತ್ತದೆಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ.

ಅಪ್‌ಡೇಟ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 2017ರ ಮೇ ತಿಂಗಳ ‘ವಾನಾಕ್ರೈ’ ಸಾಕ್ಷಿ. ಕಡತಗಳಿಗೆ ಬೀಗ ಹಾಕಿ ದುಡ್ಡು ಕೇಳಿದ ಆ ವೈರಸ್ ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟ್ ಎರಡು ತಿಂಗಳ ಹಿಂದೆ, ಮಾರ್ಚಿನಲ್ಲೇ ಬಂದಿತ್ತು. ಹಾಕಿಕೊಂಡವರು ಉಳಿದರು.

ಮೂರು ದಾರಿ

ಸಣ್ಣ ವ್ಯಾಪಾರಕ್ಕೆ ಇರುವ ಮೊದಲ ದಾರಿ ಬ್ರ್ಯಾಂಡೆಡ್ ಹೊಸ ಡೆಸ್ಕ್‌ಟಾಪ್. ಎಚ್‌ಪಿ, ಡೆಲ್, ಲೆನೊವೊ, ಏಸರ್ ಕಂಪನಿಗಳ ಚಿಕ್ಕ ಮಾದರಿಗಳು. ಬೆಲೆ ಜಾಸ್ತಿ, ಆದರೆ ವಿಂಡೋಸ್ ಪರವಾನಗಿ ಜೊತೆಗೇ ಬರುತ್ತದೆ, ವಾರಂಟಿ ಇರುತ್ತದೆ. ಬೆಲೆ ತುಸು ಕಡಿಮೆ ಕಂಡರೆ ಪೆಟ್ಟಿಗೆಯ ಮೇಲೆ ‘ಡಾಸ್’ ಎಂದಿದೆಯೇ ನೋಡಬೇಕು. ಹಾಗಿದ್ದರೆ ಅದರಲ್ಲಿ ವಿಂಡೋಸ್ ಇಲ್ಲ. ಅದರ ದುಡ್ಡು ಬೇರೆ. ವಾರಂಟಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ರಿಪೇರಿಯವರು ಅಂಗಡಿಗೆ ಬರುತ್ತಾರೋ, ನಾವು ಪೆಟ್ಟಿಗೆ ಹೊತ್ತು ಸರ್ವಿಸ್ ಸೆಂಟರಿಗೆ ಹೋಗಬೇಕೋ? ಬೆಂಗಳೂರಿನವರಿಗೆ ಇದು ಅಷ್ಟು ದೊಡ್ಡ ಮಾತಲ್ಲ. ಶ್ರೀರಾಂಪುರದವರು ಚಿತ್ರದುರ್ಗಕ್ಕೆ ಕಂಪ್ಯೂಟರ್ ಹೊತ್ತೊಯ್ದು, ಮತ್ತೆ ತರಲು ಹೋಗುವುದೆಂದರೆ ಎರಡು ದಿನದ ವ್ಯಾಪಾರ ಹೋದಂತೆ.

ಎರಡನೆಯದು ಅಸೆಂಬಲ್. ಎಸ್.ಪಿ. ರಸ್ತೆಯಿಂದ ಬಿಡಿಭಾಗ ತರಿಸಿ ತಾಲ್ಲೂಕು ಕೇಂದ್ರದಲ್ಲೇ ಜೋಡಿಸಿಕೊಡುವವರಿದ್ದಾರೆ. ಇದರ ದೊಡ್ಡ ಗುಣವೆಂದರೆ ಯಾವ ಭಾಗ ಹೋದರೂ ಅದನ್ನಷ್ಟೇ ಬದಲಿಸಬಹುದು. ಪ್ರತಿ ಭಾಗಕ್ಕೂ ಬೇರೆ ಬೇರೆ ಕಂಪನಿಯ ವಾರಂಟಿ ಇರುವುದರಿಂದ ಬಿಲ್ಲಿನಲ್ಲಿ ಒಂದೊಂದರ ಮಾದರಿ, ಸೀರಿಯಲ್ ನಂಬರ್ ಬರೆಸಿಕೊಳ್ಳಬೇಕು. ‘ಕಂಪ್ಯೂಟರ್ ಸೆಟ್–1’ ಎಂದು ಒಂದೇ ಸಾಲು ಬರೆದ ಬಿಲ್ಲು ವಾರಂಟಿಯ ಹೊತ್ತಿಗೆ ಪ್ರಯೋಜನಕ್ಕೆ ಬರುವುದಿಲ್ಲ. ದುಡ್ಡು ಉಳಿಸಲು, ಒಳಗಿನ ಭಾಗಗಳಿಗೆ ವಿದ್ಯುತ್ ಕೊಡುವ ಎಸ್‌ಎಂಪಿಎಸ್‌ನಲ್ಲಿ ಕೈ ಬಿಗಿಹಿಡಿಯುವುದು ಇಲ್ಲಿನ ಸಾಮಾನ್ಯ ತಪ್ಪು. ಹೆಸರಿಲ್ಲದ ಎಸ್‌ಎಂಪಿಎಸ್ ಸುಡುವಾಗ ತಾನೊಂದೇ ಸುಡುವುದಿಲ್ಲ, ಮದರ್‌ಬೋರ್ಡನ್ನೂ ಕರೆದುಕೊಂಡು ಹೋಗಬಲ್ಲದು.

ಅಸೆಂಬಲ್ ಮಾಡಿಸುವವರಿಗೆ ಈಚೆಗೆ ಎದುರಾದ ಏಟು ರ‍್ಯಾಮಿನ ಬೆಲೆ. ಎಐ ಡೇಟಾ ಸೆಂಟರುಗಳಿಗೆ ಮೆಮೊರಿ ಚಿಪ್ಪಿನ ಬೇಡಿಕೆ ಏರಿ, 2025ರ ಕೊನೆಯ ತಿಂಗಳುಗಳಲ್ಲಿ ಜಗತ್ತಿನಾದ್ಯಂತ ರ‍್ಯಾಮಿನ ದರ ಜಿಗಿಯಿತು. ಮೈಕ್ರಾನ್ ಕಂಪನಿ ಸಾಮಾನ್ಯ ಗ್ರಾಹಕರಿಗೆ ‘ಕ್ರೂಷಿಯಲ್’ ಹೆಸರಿನಲ್ಲಿ ರ‍್ಯಾಮ್, ಎಸ್‌ಎಸ್‌ಡಿ ಮಾರುವ ವ್ಯವಹಾರದಿಂದಲೇ ಹಿಂದೆ ಸರಿಯುವುದಾಗಿ ಆ ಡಿಸೆಂಬರಿನಲ್ಲಿ ಹೇಳಿತು. ಹೋದ ವರ್ಷ ಸ್ನೇಹಿತರು ಕೊಂಡ ಬೆಲೆ ಹಿಡಿದು ಈ ವರ್ಷ ಚೌಕಾಸಿಗೆ ಇಳಿದರೆ ಮಾತು ಮುಂದೆ ಹೋಗುವುದಿಲ್ಲ.

ಮೂರನೆಯದು ರಿಫರ್ಬಿಷ್ಡ್. ಹೋಬಳಿಯ ಅಂಗಡಿಗೆ ಹೆಚ್ಚು ಒಗ್ಗುವುದು ಬಹುಶಃ ಇದೇ. ಬೆಂಗಳೂರಿನ ಕಂಪನಿಗಳು ಕೆಲವು ವರ್ಷ ಬಳಸಿ, ಅಥವಾ ಬಾಡಿಗೆ ಅವಧಿ ಮುಗಿದು ಹಿಂದಿರುಗಿಸಿದ ಯಂತ್ರಗಳು ಇವು. ಡೆಲ್‌ನ ಆಪ್ಟಿಪ್ಲೆಕ್ಸ್, ಎಚ್‌ಪಿಯ ಪ್ರೊಡೆಸ್ಕ್ ಮತ್ತು ಎಲೀಟ್‌ಡೆಸ್ಕ್, ಲೆನೊವೊದ ಥಿಂಕ್‌ಸೆಂಟರ್. ಕಚೇರಿಯ ದುಡಿಮೆಗೆಂದೇ ಮಾಡಿದವು. ಒಳಗಿನ ಲೋಹ, ಬೋರ್ಡು, ಎಸ್‌ಎಂಪಿಎಸ್ ಅಗ್ಗದ ಮನೆಬಳಕೆಯ ಯಂತ್ರಗಳಿಗಿಂತ ಗಟ್ಟಿ. ಕೆಲವು ಮಾದರಿಗಳಲ್ಲಿ ಆ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟೂ ಉಂಟು. ವಿಂಡೋಸ್ ಪರವಾನಗಿ ಬಹಳಷ್ಟು ಸಲ ಮದರ್‌ಬೋರ್ಡಿನಲ್ಲೇ ಸೇರಿಕೊಂಡಿರುತ್ತದೆ.

ರಿಫರ್ಬಿಷ್ಡ್ ಯಂತ್ರವನ್ನು ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ನೋಡುವ ಕ್ರಮ ಸರಳವಾಗಿದೆ. ಆನ್ ಮಾಡಿಸಿ, ಟಾಸ್ಕ್ ಮ್ಯಾನೇಜರ್ ತೆರೆದು ‘ಪರ್ಫಾರ್ಮೆನ್ಸ್’ ಒತ್ತಿದರೆ ಪ್ರೊಸೆಸರಿನ ಪೂರ್ತಿ ಹೆಸರು, ರ‍್ಯಾಮಿನ ಅಳತೆ, ಡಿಸ್ಕು ಎಸ್‌ಎಸ್‌ಡಿಯೋ ಹಾರ್ಡ್ ಡಿಸ್ಕೋ ಎಂಬುದೆಲ್ಲ ಅಲ್ಲೇ ಕಾಣುತ್ತದೆ. ವಿಂಡೋಸ್ ಬಟನ್ ಜೊತೆ ಆರ್ ಒತ್ತಿ ‘ಟಿಪಿಎಂ.ಎಂಎಸ್‌ಸಿ’ ಎಂದು ಇಂಗ್ಲಿಷಿನಲ್ಲಿ ಟೈಪು ಮಾಡಿದರೆ ಭದ್ರತಾ ಚಿಪ್ ಯಾವ ಆವೃತ್ತಿಯದೆಂದು ತೋರಿಸುತ್ತದೆ, 2.0 ಇರಬೇಕು. ಸೆಟ್ಟಿಂಗ್ಸಿನ ‘ಆ್ಯಕ್ಟಿವೇಷನ್’ ಪುಟದಲ್ಲಿ ವಿಂಡೋಸ್ ಪರವಾನಗಿಯ ಸ್ಥಿತಿ ಗೊತ್ತಾಗುತ್ತದೆ. ಎಸ್‌ಎಸ್‌ಡಿಯ ಆಯುಸ್ಸು ಎಷ್ಟು ಉಳಿದಿದೆ ಎಂಬುದನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಶೇಕಡಾ ಲೆಕ್ಕದಲ್ಲಿ ಹೇಳುತ್ತದೆ. ಇಷ್ಟಕ್ಕೆ ಹತ್ತು ನಿಮಿಷ ಸಾಕು. ಇದಕ್ಕೆ ಒಪ್ಪದ ಅಂಗಡಿಯಿಂದ ಎದ್ದು ಬರುವುದೇ ವಾಸಿ. ಪೆನ್‌ಡ್ರೈವನ್ನು ಎಲ್ಲ ಯುಎಸ್‌ಬಿ ಪೋರ್ಟಿಗೂ ಹಾಕಿ ತೆಗೆಯುವುದನ್ನೂ ಮರೆಯಬಾರದು. ಸಣ್ಣ ಗಾತ್ರದ ಯಂತ್ರಗಳ ಹಿಂಬದಿಯಲ್ಲಿ ಎಚ್‌ಡಿಎಂಐ ಬದಲು ಡಿಸ್‌ಪ್ಲೇಪೋರ್ಟ್ ಮಾತ್ರ ಇರುವುದುಂಟು. ಹಾಗಿದ್ದರೆ ಮನೆಯಲ್ಲಿರುವ ಮಾನಿಟರಿಗೆ ಬೇಕಾದ ಕನ್ವರ್ಟರ್ ಕೇಬಲ್ ಅಲ್ಲೇ ಕೇಳಿ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಅದೊಂದಕ್ಕೇ ಮತ್ತೆ ಬಸ್ಸು ಹತ್ತಬೇಕಾಗುತ್ತದೆ.

ಇವುಗಳ ನಡುವೆ ಹೊಸದಾಗಿ ಕಾಣಿಸುತ್ತಿರುವುದು ಇಂಟೆಲ್ ಎನ್100ರಂಥ ಚಿಪ್ಪಿನ ಮಿನಿ ಪಿಸಿ. 2023ರಲ್ಲಿ ಬಂದ ಈ ಚಿಪ್ಪಿನ ವಿದ್ಯುತ್ ಲೆಕ್ಕ ಬರೀ 6 ವ್ಯಾಟ್. ಬಿಲ್ಲಿಂಗಿಗೆ, ಬ್ರೌಸರಿಗೆ ಸಾಲುತ್ತದೆ. ಅಷ್ಟಾಗಿ ಕೇಳದ ಹೆಸರಿನ ಕಂಪನಿಯದಾದರೆ ಯಂತ್ರದ ಮೇಲೆ, ಅಡಾಪ್ಟರಿನ ಮೇಲೆ ‘ಆರ್’ ಅಕ್ಷರದಿಂದ ಶುರುವಾಗುವ ಬಿಐಎಸ್ ನೋಂದಣಿ ಸಂಖ್ಯೆ ಇದೆಯೇ ನೋಡಬೇಕು. ಈ ನೋಂದಣಿ ಕಡ್ಡಾಯ.

ಕರೆಂಟು, ದೂಳು, ಹಲ್ಲಿ

ಯಂತ್ರ ಎಂಥದ್ದೇ ಇರಲಿ, ಹಳ್ಳಿಯ ಅಂಗಡಿಯಲ್ಲಿ ಅದರ ಆಯುಸ್ಸನ್ನು ಬಹುಮಟ್ಟಿಗೆ ನಿರ್ಧರಿಸುವುದು ಬೆಸ್ಕಾಂ ವೈರು, ಕೆಮ್ಮಣ್ಣಿನ ದೂಳು. ಹಳೆಯ ಟವರ್ ಕಂಪ್ಯೂಟರ್ ಮತ್ತು ಮಾನಿಟರ್ ಸೇರಿ 100 ವ್ಯಾಟ್ ಎಳೆಯುತ್ತವೆ ಎಂದಿಟ್ಟುಕೊಂಡರೆ ಹತ್ತು ಗಂಟೆಗೆ ಒಂದು ಯೂನಿಟ್. ಮಿನಿ ಪಿಸಿ ಮತ್ತು ಎಲ್‌ಇಡಿ ಮಾನಿಟರ್ ಸೇರಿ 40 ವ್ಯಾಟಿನಲ್ಲಿ ಮುಗಿದರೆ ದಿನಕ್ಕೆ ಅರ್ಧ ಯೂನಿಟ್ಟೂ ಆಗದು. ವರ್ಷಕ್ಕೆ ಮುನ್ನೂರು ದಿನ ಅಂಗಡಿ ತೆರೆದರೆ ಉಳಿಯುವುದು 180 ಯೂನಿಟ್. ಯೂನಿಟ್ಟಿಗೆ ಏಳೆಂಟು ರೂಪಾಯಿ ಹಿಡಿದರೂ ಸಾವಿರದ ಇನ್ನೂರರ ಮೇಲೆ. ಬಿಲ್ಲಿಗಿಂತ ದೊಡ್ಡ ಲಾಭ ಇನ್ನೊಂದಿದೆ: ಕರೆಂಟು ಹೋದಾಗ ಯುಪಿಎಸ್ ಎಳೆಯುವ ಹೊತ್ತು.

ಸಾಮಾನ್ಯ 600 ವಿಎ ಯುಪಿಎಸ್ ಒಳಗೆ ಇರುವುದು 12 ವೋಲ್ಟ್, 7 ಆಂಪಿಯರ್-ಅವರಿನ ಒಂದು ಸಣ್ಣ ಬ್ಯಾಟರಿ. ಭಾರ ಕಡಿಮೆಯಾದಷ್ಟೂ ಅದು ಹೆಚ್ಚು ಹೊತ್ತು ಬರುತ್ತದೆ. ಟವರಿಗೆ ಕಡತ ಉಳಿಸಿ ಮುಚ್ಚುವಷ್ಟು ಸಮಯ ಸಿಕ್ಕರೆ, ಮಿನಿ ಪಿಸಿಗೆ ಎದುರಿಗೆ ನಿಂತವರ ಅರ್ಜಿ ಮುಗಿಸಿ ಕಳಿಸುವಷ್ಟು ಸಿಗುತ್ತದೆ. ಇಂಟರ್‌ನೆಟ್ಟಿನ ಫೈಬರ್ ಮೋಡೆಮನ್ನೂ ಅದೇ ಯುಪಿಎಸ್‌ಗೆ ಹಾಕಬೇಕು. ಕಂಪ್ಯೂಟರ್ ಉರಿಯುತ್ತಿದ್ದು ಮೋಡೆಮ್ ಆರಿಹೋದರೆ ಆನ್‌ಲೈನ್ ಕೆಲಸ ನಡೆಯುವುದಿಲ್ಲ. ಲೇಸರ್ ಪ್ರಿಂಟರನ್ನು ಮಾತ್ರ ಯಾವ ಕಾರಣಕ್ಕೂ ಯುಪಿಎಸ್‌ಗೆ ಸಿಕ್ಕಿಸಬಾರದು. ಟೋನರ್ ಪುಡಿಯನ್ನು ಕಾಗದಕ್ಕೆ ಅಂಟಿಸಲು ಅದರೊಳಗಿನ ಉರುಳೆ ಕಾಯುವಾಗ ನೂರಾರು ವ್ಯಾಟ್ ಒಮ್ಮೆಲೇ ಎಳೆಯುತ್ತದೆ, ಸಣ್ಣ ಯುಪಿಎಸ್ ಕುಯ್ಯೆಂದು ಕೂಗಿ ಆರಿಹೋಗುತ್ತದೆ.

ಅರ್ತಿಂಗ್ ಸರಿ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕೈಲಿ ಒಮ್ಮೆ ನೋಡಿಸುವುದು ಅಗತ್ಯ. ಕ್ಯಾಬಿನೆಟ್ ಮುಟ್ಟಿದಾಗ ಜುಮ್ಮೆನ್ನುತ್ತಿದ್ದರೆ ಅದು ಸರಿ ಇಲ್ಲ ಎಂಬುದರ ಗುರುತು. ಗಿರಣಿ ಪಕ್ಕದ, ಮಂಡಿ ಒಳಗಿನ ಕಂಪ್ಯೂಟರನ್ನು ನೆಲದ ಮೇಲೆ ಇಡಬಾರದು. ತೆಂಗಿನ ನಾರಿನ ದೂಳು ಫ್ಯಾನಿಗೆ ಮೆತ್ತಿಕೊಂಡರೆ ಪ್ರೊಸೆಸರ್ ಕಾದು, ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ‘ವೈರಸ್ ಬಂದಿದೆ, ಸ್ಲೋ ಆಗಿದೆ’ ಎಂದು ತಂದ ಎಷ್ಟೋ ಯಂತ್ರಗಳಿಗೆ ಬೇಕಿರುವುದು ಬ್ಲೋವರಿನ ಒಂದು ಉಸಿರು. ಹಿಂಬದಿಯಲ್ಲಿ ತೆರೆದುಬಿಟ್ಟ ಕಿಂಡಿಗಳಿಗೆ ಮುಚ್ಚಳ ಹಾಕಿಸಿದರೆ ಬೆಚ್ಚಗಿನ ಜಾಗ ಹುಡುಕುತ್ತ ಬರುವ ಹಲ್ಲಿಗೂ ಕ್ಷೇಮ, ಯಂತ್ರಕ್ಕೂ ಕ್ಷೇಮ.

ಪ್ರಿಂಟರ್ ಮತ್ತು ಕೀಬೋರ್ಡ್

ಸೇವಾ ಕೇಂದ್ರದ ಆದಾಯ ಹುಟ್ಟುವುದು ಪ್ರಿಂಟರಿನ ಬಾಯಲ್ಲಿ. ಕ್ಯಾನನ್ ಎಲ್‌ಬಿಪಿ 2900 ಎಂಬ ಕಪ್ಪು-ಬಿಳುಪು ಲೇಸರ್ ಪ್ರಿಂಟರ್ ಸಣ್ಣ ಊರುಗಳಲ್ಲಿ ಇಷ್ಟು ಕಾಲ ಉಳಿದದ್ದಕ್ಕೆ ಕಾರಣ ಅದರ ವೇಗವಲ್ಲ. ಅದಕ್ಕೆ ಹೊಂದುವ ‘12ಎ’ ಬಗೆಯ ಕಾರ್ಟ್ರಿಜ್, ಟೋನರ್ ಪುಡಿ, ಡ್ರಮ್ಮು ಎಲ್ಲ ಕಡೆ ಸಿಗುತ್ತವೆ, ರೀಫಿಲ್ ಮಾಡುವ ಕೈಗಳೂ ಸಿಗುತ್ತವೆ. ಬಣ್ಣದ ಪ್ರತಿ ಹೆಚ್ಚು ಬೇಕಾದವರಿಗೆ ಇಂಕ್ ಟ್ಯಾಂಕ್ ಪ್ರಿಂಟರ್ ಸರಿ. ಆದರೆ ಅದನ್ನು ವಾರಗಟ್ಟಲೆ ಸುಮ್ಮನೆ ಬಿಟ್ಟರೆ ಶಾಯಿ ಒಣಗಿ ಹೆಡ್ ಕಟ್ಟಿಕೊಳ್ಳುತ್ತದೆ.

ದಿನವಿಡೀ ಟೈಪು ಮಾಡುವವರು ಕೀಬೋರ್ಡಿಗೆ ನಾಲ್ಕು ಕಾಸು ಹೆಚ್ಚು ಹಾಕಲು ಹಿಂಜರಿಯಬಾರದು. ಟಿವಿಎಸ್ ಗೋಲ್ಡ್ ಕೀಬೋರ್ಡಿನ ಟಕಟಕ ಸದ್ದು ಡಿಟಿಪಿ ಅಂಗಡಿಗಳ ಗುರುತೇ ಆಗಿಹೋಗಿದೆ. ಪ್ರತಿ ಕೀಲಿಗೂ ಬೇರೆಯೇ ಸ್ವಿಚ್ ಇರುವುದರಿಂದ ಅದು ವರ್ಷಗಟ್ಟಲೆ ಬಾಳುತ್ತದೆ. ಅಕ್ಷರ ಅಳಿಸಿಹೋದರೂ ಬೆರಳಿಗೆ ಜಾಗ ಗೊತ್ತಿರುತ್ತದೆ.

ಪರವಾನಗಿಯ ದುಡ್ಡು ಭಾರವೆನಿಸುವವರಿಗೆ ಲಿನಕ್ಸ್ ಒಂದು ದಾರಿ. ಉಬುಂಟು, ಲಿನಕ್ಸ್ ಮಿಂಟ್ ಉಚಿತ. ಹಳೆಯ ಯಂತ್ರದಲ್ಲೂ ಹಗುರವಾಗಿ ಓಡುತ್ತವೆ. ಲಿಬ್ರೆಆಫೀಸ್ ಕನ್ನಡದಲ್ಲೇ ಸಿಗುತ್ತದೆ, ನುಡಿ ಬಳಸುವವರಿಗೆ ರೂಢಿಯಾದ ಕಗಪ ಕೀಲಿವಿನ್ಯಾಸವನ್ನೂ ಅಳವಡಿಸಿಕೊಳ್ಳಬಹುದು. ಆದರೆ ಟ್ಯಾಲಿ ವಿಂಡೋಸ್‌ಗೆಂದು ಮಾಡಿದ್ದು, ಬೆರಳಚ್ಚು ಯಂತ್ರದ ತಂತ್ರಾಂಶಗಳೂ ಹೆಚ್ಚಾಗಿ ವಿಂಡೋಸನ್ನೇ ನೆಚ್ಚಿಕೊಂಡಿವೆ. ಹಾಗಾಗಿ ಜೆರಾಕ್ಸ್, ಪತ್ರ, ಇಂಟರ್‌ನೆಟ್ಟಿಗೆ ಮೀಸಲಾದ ಎರಡನೇ ಯಂತ್ರಕ್ಕೆ ಲಿನಕ್ಸ್ ಹೇಳಿಮಾಡಿಸಿದಂತಿದೆ. ಮೊದಲನೆಯದಕ್ಕೆ ಯೋಚಿಸಿಯೇ ಕೈಹಾಕಬೇಕು. ನಾನೂರು–ಐನೂರು ರೂಪಾಯಿಗೆ ಸಿಗುವ ವಿಂಡೋಸ್ ‘ಕೀ’ಗಳ ಮೂಲ ಗೊತ್ತಿರುವುದಿಲ್ಲ. ಇವತ್ತು ಹಿಡಿದದ್ದು ಒಂದು ದಿನ ಬಿಟ್ಟುಹೋಗಬಹುದು.

ಬಿಲ್ಲಿನ ಲೆಕ್ಕ

‘ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ತೀನಿ’ ಎಂಬ ಮಾತಿಗೆ ಮರುಳಾಗುವ ಮುಂಚೆ ಕಾಗದದ ಮೇಲೊಂದು ಲೆಕ್ಕ ಹಾಕಬಹುದು. ಕಂಪ್ಯೂಟರಿಗೆ ಜಿಎಸ್‌ಟಿ ಶೇ 18. ಮೂವತ್ತು ಸಾವಿರದ ಯಂತ್ರಕ್ಕೆ ತೆರಿಗೆ 5,400, ಒಟ್ಟು 35,400. ಜಿಎಸ್‌ಟಿಯ ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿಸಿದ ವ್ಯಾಪಾರಿ ಆ 5,400ನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಬಿಲ್ಲಿಲ್ಲದೆ ಮೂರು ಸಾವಿರ ಬಿಡಿಸಿಕೊಂಡವರು ಎರಡು ಸಾವಿರದ ನಾನೂರು ಕಳೆದುಕೊಂಡರು, ವಾರಂಟಿ ಹೋದದ್ದು ಬೇರೆ. ಕಾಂಪೊಸಿಷನ್ ಪದ್ಧತಿಯಲ್ಲಿ ಇರುವವರಿಗೆ ಈ ವಜಾ ಸಿಗುವುದಿಲ್ಲ. ಆದಾಯ ತೆರಿಗೆಯಲ್ಲಿ ಕಂಪ್ಯೂಟರಿನ ಸವಕಳಿ ವರ್ಷಕ್ಕೆ ಶೇ 40ರ ದರದಲ್ಲಿ ಸಿಗುತ್ತದೆ, ಅದೂ ಲೆಕ್ಕಪುಸ್ತಕ ಇಟ್ಟವರಿಗೆ. ವಹಿವಾಟಿನ ಮೇಲೆ ಅಂದಾಜು ಲಾಭ ತೋರಿಸುವ ಸಣ್ಣ ವ್ಯಾಪಾರಿಗಳಿಗೆ ಸವಕಳಿ ಅದರಲ್ಲೇ ಸೇರಿಹೋಗಿರುತ್ತದೆ.

ಕೈಯಲ್ಲಿ ದುಡ್ಡಿಲ್ಲದವರಿಗೆ ಮುದ್ರಾ ಯೋಜನೆಯ ‘ಶಿಶು’ ಸಾಲ ಇದೆ. 50,000 ರೂಪಾಯಿವರೆಗೆ ಅಡಮಾನ ಬೇಕಿಲ್ಲ. ಕಂಪ್ಯೂಟರ್, ಪ್ರಿಂಟರ್, ಯುಪಿಎಸ್ ಸೇರಿದ ಕೊಟೇಷನ್ ಜೊತೆಯಲ್ಲಿಟ್ಟು ಬ್ಯಾಂಕಿನಲ್ಲಿ ಅರ್ಜಿ ಕೊಡಬಹುದು.

ಪರರ ಕಾಗದ

ಸೇವಾ ಕೇಂದ್ರದ ಕಂಪ್ಯೂಟರಿನ ‘ಡೌನ್‌ಲೋಡ್ಸ್’ ಫೋಲ್ಡರ್ ತೆರೆದರೆ ಊರಿನ ಅರ್ಧ ಜನರ ಆಧಾರ್, ಪಾಸ್‌ಬುಕ್, ಅಂಕಪಟ್ಟಿ ಸಿಗಬಹುದು. ಇದು ಅಂಗಡಿಯವರ ಆಸ್ತಿಯಲ್ಲ. ವೈಯಕ್ತಿಕ ಡಿಜಿಟಲ್ ದತ್ತಾಂಶ ಸಂರಕ್ಷಣೆಗೆ 2023ರಲ್ಲಿ ಕಾಯ್ದೆ ಬಂದಿದೆ, 2025ರ ನವೆಂಬರಿನಲ್ಲಿ ಅದರ ನಿಯಮಗಳೂ ಹೊರಬಿದ್ದಿವೆ. ಕೆಲಸ ಮುಗಿದ ದಿನವೇ ಗ್ರಾಹಕರ ಕಡತ ಅಳಿಸುವ ಅಭ್ಯಾಸ ಈಗಲೇ ಬೆಳೆಸಿಕೊಳ್ಳುವುದು ಮೇಲು. ಅಂಗಡಿಯ ಸ್ವಂತ ಲೆಕ್ಕದ ಮಾತು ಬೇರೆ: ಟ್ಯಾಲಿಯ ದತ್ತಾಂಶ ಕಂಪ್ಯೂಟರಿನಲ್ಲೊಂದು, ಮನೆಗೆ ಒಯ್ಯುವ ಪೆನ್‌ಡ್ರೈವಿನಲ್ಲೊಂದು, ಇಂಟರ್‌ನೆಟ್ಟಿನ ಖಾತೆಯಲ್ಲೊಂದು ಹೀಗೆ ಮೂರು ಕಡೆ ಇರಬೇಕು. ಪೆನ್‌ಡ್ರೈವ್ ಸದಾ ಕಂಪ್ಯೂಟರಿಗೇ ಸಿಕ್ಕಿಸಿದ್ದರೆ ಸಿಡಿಲಿಗೂ ವೈರಸ್ಸಿಗೂ ಎರಡೂ ಒಟ್ಟಿಗೆ ಸಿಗುತ್ತವೆ.

ಹೊಸದನ್ನು ತಂದ ಮೇಲೆ ಹಳೆಯದು ಗುಜರಿಗೆ ಹೋಗುವ ಮೊದಲು ಅದರ ಡಿಸ್ಕನ್ನು ಬಿಚ್ಚಿ ತೆಗೆದಿಡಬೇಕು. ಅಳಿಸಿದ ಕಡತವನ್ನು ಮತ್ತೆ ಎಬ್ಬಿಸುವ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಯಂತ್ರಗಳನ್ನು ನೋಂದಾಯಿತ ಮರುಬಳಕೆದಾರರ ಕೈಗೆ ಮುಟ್ಟಿಸುವ ಹೊಣೆ ತಯಾರಕ ಕಂಪನಿಗಳ ಮೇಲಿದೆ. ಹೊಸದನ್ನು ಮಾರುವ ಅಂಗಡಿಯವರು ಹಳೆಯದನ್ನು ವಾಪಸು ತೆಗೆದುಕೊಳ್ಳುತ್ತಾರೆಯೇ, ಎಷ್ಟು ಕಡಿತ ಮಾಡುತ್ತಾರೆ ಎಂಬುದನ್ನು ಬೆಲೆ ಗೊತ್ತುಮಾಡುವ ಮುಂಚೆಯೇ ಕೇಳಬೇಕು. ದುಡ್ಡು ಎಣಿಸಿಕೊಟ್ಟ ಮೇಲೆ ಕೇಳಿದರೆ ಆ ಹಳೆಯ ಪೆಟ್ಟಿಗೆಗೆ ಬೆಲೆ ಕಟ್ಟುವವರು ಸಿಗುವುದಿಲ್ಲ.